ಖಾಲಿ ಮನೆ ಬಿಟ್ಟ ಮೇಷ್ಟ್ರು ಮೆಂಡಲೀವ್

 

ಕಳೆದ ಕಿರುಪರೀಕ್ಷೆಯ ವಿಜ್ಞಾನದ ಪತ್ರಿಕೆಯಲ್ಲಿ ಒಂದು ಪ್ರಶ್ನೆ ಬಂದಿತ್ತು. ಪಾದರಸವು ಲೋಹವಾದರೂ ದ್ರವವಾಗಿದೆ, ಕಾರಣ ಕೊಡಿ ಅಂತ. ಎರಡು ಅಂಕ. ನನಗೆ ಉತ್ತರ ಗೊತ್ತಿರಲಿಲ್ಲ. ಜಾಗ ಖಾಲಿ ಬಿಟ್ಟರೆ ಚೆನ್ನಾಗಿರಲ್ಲ ಅಂತ, ಪಾದರಸದಲ್ಲಿ ನೀರಿನ ಅಂಶ ಜಾಸ್ತಿ ಇರುವುದರಿಂದ ಅದು ದ್ರವವಾಗಿದೆ ಎಂದು ಬರೆದುಬಿಟ್ಟೆ. ಅಕ್ಷರವನ್ನೂ ಗುಂಡಗೆ ಬರೆದಿದ್ದೆ. ಮೇಷ್ಟ್ರು ಬೈಯಲಿಲ್ಲ, ಹೊಡೆಯಲೂ ಇಲ್ಲ. ನನ್ನ ಅಕ್ಷರಕ್ಕಿಂತ ಗುಂಡಗೆ ಒಂದು ಸೊನ್ನೆ ಹಾಕಿದರು. ಗೊತ್ತಿಲ್ಲದ ಕಡೆ ಖಾಲಿ ಬಿಡುವುದಕ್ಕೂ ಧೈರ್ಯ ಬೇಕು, ಹಾಗೆ ಖಾಲಿ ಬಿಟ್ಟೇ ಲೋಕಕ್ಕೆಲ್ಲ ಹೆಸರಾದ ಒಬ್ಬ ಮೇಷ್ಟ್ರಿದ್ದರು, ಅವರ ಬಗ್ಗೆ ಓದಿಕೊಂಡು ಗೋಡೆ ಪತ್ರಿಕೆಗೆ ಬರಿ ಅಂದರು. ಅದಕ್ಕೇ ಈ ಲೇಖನ.

ಆ ಮೇಷ್ಟ್ರ ಹೆಸರು ಡಿಮಿಟ್ರಿ ಇವಾನೊವಿಚ್ ಮೆಂಡಲೀವ್. ನಮ್ಮ ಪ್ರಯೋಗಶಾಲೆಯ ಗೋಡೆಯಲ್ಲಿ ನೇತುಹಾಕಿರುವ ಆವರ್ತ ಕೋಷ್ಟಕ ಇದೆಯಲ್ಲ, ಅದರ ಮೊದಲ ರೂಪ ಕೊಟ್ಟವರು ಇವರೇ.

ಮೆಂಡಲೀವ್ ಹುಟ್ಟಿದ್ದು 1834ರ ಫೆಬ್ರವರಿ 8ರಂದು, ರಷ್ಯಾದ ಸೈಬೀರಿಯಾ ಸೀಮೆಯ ತೊಬೋಲ್ಸ್ಕ್ ಎಂಬ ಊರಿನಲ್ಲಿ. ಸೈಬೀರಿಯಾದ ಚಳಿ ಎಂಥದ್ದು ಅಂದರೆ, ಕೆಲವು ದಿನ ಥರ್ಮಾಮೀಟರಿನೊಳಗಿನ ಪಾದರಸವೇ ಗಟ್ಟಿಯಾಗಿ ಕೂತುಬಿಡುತ್ತೆ. ಸೊನ್ನೆಗಿಂತ 39 ಡಿಗ್ರಿ ಕೆಳಗೆ ಹೋದರೆ ಪಾದರಸವೂ ಸೀಸದ ಹಾಗೆ ಗಟ್ಟಿ ಲೋಹ. ನಮ್ಮ ಸೀಮೆಯಲ್ಲಿ ಅದು ಯಾವಾಗಲೂ ಕರಗಿಯೇ ಇರುವುದರಿಂದ ನಮಗೆ ವಿಚಿತ್ರವಾಗಿ ಕಾಣುತ್ತೆ, ಅಷ್ಟೆ. ಅಂದರೆ ಪಾದರಸ ಯಾಕೆ ದ್ರವ ಅಂತ ಕೇಳುವುದಕ್ಕಿಂತ, ಅದು ಯಾಕೆ ಅಷ್ಟು ಕಡಿಮೆ ಶಾಖಕ್ಕೇ ಕರಗುತ್ತೆ ಅಂತ ಕೇಳಬೇಕು. ಪ್ರಶ್ನೆ ಸರಿಯಾದರೆ ಅರ್ಧ ಉತ್ತರ ಸಿಕ್ಕಿದಂತೆ.

ಡಿಮಿಟ್ರಿಯದು ದೊಡ್ಡ ಸಂಸಾರ. ಮಕ್ಕಳಲ್ಲಿ ಇವನೇ ಕೊನೆಯವನು. ತಂದೆ ಇವಾನ್ ಅಲ್ಲಿನ ಪ್ರೌಢಶಾಲೆಯ ಮುಖ್ಯಸ್ಥರಾಗಿದ್ದರು. ಇವನು ಹುಟ್ಟಿದ ವರ್ಷವೇ ಅವರಿಗೆ ಕಣ್ಣು ಕಾಣದಂತಾಗಿ ಕೆಲಸ ಹೋಯಿತು. ಸಿಕ್ಕುತ್ತಿದ್ದ ಪಿಂಚಣಿ ಹೊಟ್ಟೆಗೆ ಸಾಲುತ್ತಿರಲಿಲ್ಲ. ತಾಯಿ ಮರಿಯಾ ಕೈಕಟ್ಟಿ ಕೂರಲಿಲ್ಲ. ತವರಿನ ಕಡೆಯವರದ್ದೊಂದು ಗಾಜಿನ ಕಾರ್ಖಾನೆ ಇತ್ತು. ಅದನ್ನು ತಾವೇ ನಡೆಸತೊಡಗಿದರು. ಕುಲುಮೆಯ ಬೆಂಕಿಯಲ್ಲಿ ಮರಳು ಕರಗಿ ಗಾಜಾಗುವುದನ್ನು ಹುಡುಗ ಅಮ್ಮನ ಬಳಿ ನಿಂತು ನೋಡುತ್ತಿದ್ದ.

1847ರಲ್ಲಿ ತಂದೆ ತೀರಿಕೊಂಡರು. ಮಾರನೇ ವರ್ಷ 1848ರಲ್ಲಿ ಗಾಜಿನ ಕಾರ್ಖಾನೆಗೆ ಬೆಂಕಿ ಬಿದ್ದು ಸುಟ್ಟುಹೋಯಿತು. ಬೇರೆ ಯಾರೇ ಆಗಿದ್ದರೂ ತಲೆ ಮೇಲೆ ಕೈ ಹೊತ್ತು ಕೂತುಬಿಡುತ್ತಿದ್ದರು. ಆದರೆ ಆ ತಾಯಿಗೆ ಕೊನೇ ಮಗನನ್ನು ಓದಿಸಲೇಬೇಕು ಅನ್ನುವ ಹಟ. 1849ರಲ್ಲಿ 15 ವರ್ಷದ ಮಗನನ್ನೂ ಒಬ್ಬ ಮಗಳನ್ನೂ ಕರೆದುಕೊಂಡು ಮಾಸ್ಕೋಗೆ ಹೊರಟರು. ದೂರ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು. ನಮ್ಮ ಬೆಂಗಳೂರಿನಿಂದ ದೆಹಲಿಗೆ ಹೋದಷ್ಟು. ಆಗ ಸೈಬೀರಿಯಾಕ್ಕೆ ರೈಲು ಇರಲಿಲ್ಲ. ಕುದುರೆ ಗಾಡಿಯೇ ಗತಿ.

ಅಷ್ಟು ದೂರ ಹೋದರೂ ಮಾಸ್ಕೋ ವಿಶ್ವವಿದ್ಯಾನಿಲಯದಲ್ಲಿ ಸೇರಿಸಿಕೊಳ್ಳಲಿಲ್ಲ. ಸೈಬೀರಿಯಾದ ಹುಡುಗರಿಗೆ ಅಲ್ಲಿ ಜಾಗವಿಲ್ಲ ಅನ್ನುವುದು ಆಗಿನ ನಿಯಮ. ತಾಯಿ ಅಲ್ಲಿಂದ ಮತ್ತೆ ಪೀಟರ್ಸ್‌ಬರ್ಗ್‌ಗೆ ಕರೆದುಕೊಂಡು ಹೋದರು. 1850ರಲ್ಲಿ ತಂದೆ ಓದಿದ್ದ ಶಿಕ್ಷಕರ ಕಾಲೇಜಿನಲ್ಲೇ ಮಗನಿಗೆ ಸೀಟು ಸಿಕ್ಕಿತು. ಅದೇ ವರ್ಷ ತಾಯಿ ತೀರಿಹೋದರು. ಮಗನನ್ನು ಶಾಲೆಯ ಬಾಗಿಲಿಗೆ ಮುಟ್ಟಿಸುವುದಕ್ಕಾಗಿಯೇ ಉಸಿರು ಹಿಡಿದುಕೊಂಡಿದ್ದರೇನೋ ಅನ್ನಿಸುತ್ತೆ. ಇದನ್ನು ಓದುವಾಗ ನನಗೆ ಗಂಟಲು ಕಟ್ಟಿತು. ಮೆಂಡಲೀವ್ ಎಷ್ಟೋ ವರ್ಷಗಳ ನಂತರ, 1887ರಲ್ಲಿ, ದ್ರಾವಣಗಳ ಬಗ್ಗೆ ಬರೆದ ದೊಡ್ಡ ಪುಸ್ತಕವನ್ನು ಆ ತಾಯಿಯ ನೆನಪಿಗೇ ಅರ್ಪಿಸಿದರು.

ಓದಿನಲ್ಲಿ ಡಿಮಿಟ್ರಿ ಚಿನ್ನದ ಪದಕ ಪಡೆದ. 1855ರಲ್ಲಿ ಓದು ಮುಗಿಯುವ ಹೊತ್ತಿಗೆ ಆರೋಗ್ಯ ಕೆಟ್ಟಿತ್ತು. ಕ್ಷಯ ಇರಬೇಕು ಅಂತ ವೈದ್ಯರಿಗೆ ಅನುಮಾನ. ಬೆಚ್ಚಗಿನ ಜಾಗ ಬೇಕು ಅಂತ ದಕ್ಷಿಣಕ್ಕೆ ಹೋಗಿ ಶಾಲಾ ಮೇಷ್ಟ್ರಾದರು. ದೇವರು ದೊಡ್ಡವನು, ಚೇತರಿಸಿಕೊಂಡು ಪೀಟರ್ಸ್‌ಬರ್ಗ್‌ಗೆ ವಾಪಸಾದರು.

1859ರಿಂದ 1861ರವರೆಗೆ ಹೆಚ್ಚಿನ ವ್ಯಾಸಂಗಕ್ಕಾಗಿ ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿದ್ದರು. ಆ ಊರಿನಲ್ಲಿ ಆಗ ಬುನ್ಸೆನ್ ಎಂಬ ದೊಡ್ಡ ರಸಾಯನ ವಿಜ್ಞಾನಿ ಇದ್ದರು. ನಮ್ಮ ಪ್ರಯೋಗಶಾಲೆಯ ಬುನ್ಸೆನ್ ಬರ್ನರ್ ಅವರ ಹೆಸರಿನದ್ದೇ. ಬುನ್ಸೆನ್ ಮತ್ತು ಕಿರ್ಕಾಫ್ ಇಬ್ಬರೂ ಸೇರಿ ರೋಹಿತದರ್ಶಕ ಎಂಬ ಉಪಕರಣ ಮಾಡಿದ್ದರು. ಯಾವುದೇ ವಸ್ತುವನ್ನು ಉರಿಯಲ್ಲಿ ಹಿಡಿದಾಗ ಬರುವ ಬೆಳಕನ್ನು ಕಾಮನಬಿಲ್ಲಿನ ಹಾಗೆ ಬಿಡಿಸಿ ನೋಡಿದರೆ, ಪ್ರತಿಯೊಂದು ಮೂಲವಸ್ತುವಿಗೂ ಅದರದ್ದೇ ಗೆರೆಗಳು ಕಾಣುತ್ತವೆ. ನಮ್ಮ ಹೆಬ್ಬೆಟ್ಟಿನ ಗುರುತು ಇದ್ದ ಹಾಗೆ. ಆ ಉಪಕರಣದಿಂದ 1860ರಲ್ಲಿ ಸೀಸಿಯಂ, 1861ರಲ್ಲಿ ರುಬಿಡಿಯಂ ಎಂಬ ಹೊಸ ಲೋಹಗಳು ಪತ್ತೆಯಾದವು. ಎರಡೂ ಮೇಣಕ್ಕಿಂತ ಬೇಗ ಕರಗುವ ಲೋಹಗಳೇ.

1860ರಲ್ಲಿ ಕಾರ್ಲ್ಸ್‌ರೂಯೆ ಊರಿನಲ್ಲಿ ನಡೆದ ರಸಾಯನ ವಿಜ್ಞಾನಿಗಳ ಸಮ್ಮೇಳನಕ್ಕೂ ಮೆಂಡಲೀವ್ ಹೋಗಿದ್ದರು. ಅಲ್ಲಿಯವರೆಗೆ ಪರಮಾಣು ತೂಕದ ಲೆಕ್ಕ ಒಬ್ಬೊಬ್ಬರದು ಒಂದೊಂದು ಥರ ಇತ್ತು. ಸಂತೆಯಲ್ಲಿ ಒಬ್ಬ ಸೇರಿನಲ್ಲಿ ಅಳೆದು, ಇನ್ನೊಬ್ಬ ಪಾವಿನಲ್ಲಿ ಅಳೆದ ಹಾಗೆ. ಇಟಲಿಯ ಕ್ಯಾನಿಜಾರೋ ಅವರು ಸರಿಯಾದ ಲೆಕ್ಕ ತೋರಿಸಿಕೊಟ್ಟರು. ಆ ಲೆಕ್ಕ ಸಿಗದಿದ್ದರೆ ಮುಂದಿನ ಕೆಲಸ ಆಗುತ್ತಲೇ ಇರಲಿಲ್ಲ.

ಊರಿಗೆ ಬಂದ ಮೇಲೆ ಪೀಟರ್ಸ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರು. ಹುಡುಗರಿಗೆ ಪಾಠ ಹೇಳಲು ಒಳ್ಳೆಯ ಪುಸ್ತಕ ಇರಲಿಲ್ಲ. ಸರಿ, ತಾವೇ ಬರೆಯಲು ಕೂತರು. ಆಗ ಗೊತ್ತಿದ್ದ ಮೂಲವಸ್ತುಗಳು 63. ಯಾವುದನ್ನು ಮೊದಲು ಹೇಳುವುದು, ಯಾವುದನ್ನು ಆಮೇಲೆ ಹೇಳುವುದು? ಈ ತೊಡಕಿನಿಂದಲೇ ಆವರ್ತ ಕೋಷ್ಟಕ ಹುಟ್ಟಿತು. ಪಾಠ ಹೇಳುವ ಮೇಷ್ಟ್ರ ಕಷ್ಟದಿಂದ ಹುಟ್ಟಿದ ವಿಜ್ಞಾನ ಇದು.

1869ರ ಮಾರ್ಚ್ 1ರಂದು ಮೆಂಡಲೀವ್ ಗಿಣ್ಣು ಮಾಡುವ ಡೈರಿಗಳನ್ನು ನೋಡಲು ಹಳ್ಳಿ ಕಡೆ ಹೊರಡಬೇಕಿತ್ತು. ಆ ಕೆಲಸಕ್ಕೆ ಸಂಬಂಧಪಟ್ಟ ಕಾಗದದ ಬೆನ್ನ ಮೇಲೆಯೇ ಮೂಲವಸ್ತುಗಳ ತೂಕ ಗೀಚುತ್ತಾ ಕೂತರು. ಆ ದಿನ ಪ್ರಯಾಣ ನಿಂತಿತು. ಒಂದೊಂದು ಮೂಲವಸ್ತುವಿನ ಹೆಸರು, ತೂಕ, ಗುಣ ಬರೆದ ಚೀಟಿಗಳನ್ನು ಇಸ್ಪೀಟಿನ ಎಲೆಗಳ ಹಾಗೆ ಜೋಡಿಸಿದರು ಅಂತಲೂ ಹೇಳ್ತಾರೆ. ತೂಕದ ಕ್ರಮದಲ್ಲಿ ಜೋಡಿಸುತ್ತಾ ಹೋದರೆ, ಕೆಲವು ಹೆಜ್ಜೆಗಳ ನಂತರ ಅದೇ ಗುಣ ಮತ್ತೆ ಬರುತ್ತಿತ್ತು. ಭಾನುವಾರ ಆದ ಮೇಲೆ ಏಳು ದಿನಕ್ಕೆ ಮತ್ತೆ ಭಾನುವಾರ ಬಂದ ಹಾಗೆ. ಅದಕ್ಕೇ ಆವರ್ತ ಅನ್ನುವ ಹೆಸರು. ಕೆಲವು ದಿನಗಳ ನಂತರ ರಷ್ಯಾದ ರಸಾಯನ ಸಂಘದ ಸಭೆಯಲ್ಲಿ ಆ ಪ್ರಬಂಧ ಓದುವಾಗ ಮೆಂಡಲೀವ್ ಅಲ್ಲಿರಲೇ ಇಲ್ಲ. ಡೈರಿ ನೋಡಲು ಹೋಗಿದ್ದರು. ಗೆಳೆಯ ಮೆನ್ಷುಟ್ಕಿನ್ ಅವರೇ ಓದಿದರು.

ಹಾಗೆ ಜೋಡಿಸುವ ಪ್ರಯತ್ನವನ್ನು ಬೇರೆಯವರೂ ಮಾಡಿದ್ದರು. ಇಂಗ್ಲೆಂಡಿನ ನ್ಯೂಲ್ಯಾಂಡ್ಸ್, ಜರ್ಮನಿಯ ಲೋಥರ್ ಮೇಯರ್ ಇವರೆಲ್ಲ ಸಮೀಪ ಬಂದಿದ್ದರು. 1882ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯವರು ಡೇವಿ ಪದಕವನ್ನು ಮೆಂಡಲೀವ್ ಮತ್ತು ಮೇಯರ್ ಇಬ್ಬರಿಗೂ ಸೇರಿಸಿಯೇ ಕೊಟ್ಟರು. ಹಾಗಾದರೆ ಮೆಂಡಲೀವ್ ಹೆಚ್ಚುಗಾರಿಕೆ ಏನು?

ಅವರು ಖಾಲಿ ಮನೆ ಬಿಟ್ಟರು. ಚೌಕಾಬಾರದ ಮನೆಗಳ ಹಾಗೆ ಗೆರೆ ಎಳೆದು ಜೋಡಿಸುವಾಗ, ಕೆಲವು ಕಡೆ ಸರಿಯಾದ ಗುಣದ ಮೂಲವಸ್ತು ಸಿಗಲಿಲ್ಲ. ಯಾವುದೋ ಒಂದನ್ನು ತುರುಕಿ ಸಾಲು ತುಂಬಿಸಬಹುದಿತ್ತು, ನಾನು ಪಾದರಸಕ್ಕೆ ನೀರು ತುಂಬಿಸಿದ ಹಾಗೆ. ಅವರು ಹಾಗೆ ಮಾಡದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಬಿಟ್ಟರು. ಅಲ್ಯೂಮಿನಿಯಂ ಆದ ಮೇಲಿನ ಒಂದು ಮನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ, ಅದರ ಪಕ್ಕ 68 ಎಂಬ ತೂಕ. ಹೆಸರಿಲ್ಲ, ಕಂಡವರಿಲ್ಲ, ಮುಟ್ಟಿದವರಿಲ್ಲ.

1871ರಲ್ಲಿ ಇನ್ನೂ ಮುಂದೆ ಹೋದರು. ಖಾಲಿ ಬಿಟ್ಟ ಮೂರು ಮನೆಗಳಿಗೆ ತಾತ್ಕಾಲಿಕ ಹೆಸರಿಟ್ಟು, ಅವುಗಳ ಗುಣ ಏನಿರಬೇಕು ಅಂತ ವಿವರವಾಗಿ ಬರೆದರು. ಹೆಸರುಗಳು ಏಕ-ಅಲ್ಯೂಮಿನಿಯಂ, ಏಕ-ಬೋರಾನ್, ಏಕ-ಸಿಲಿಕಾನ್. ಗಮನಿಸಿದಿರಾ? ನಾವು ಏಕವಚನ, ಏಕಾದಶಿ ಅನ್ನುವ ಅದೇ ಏಕ! ರಷ್ಯಾದ ವಿಜ್ಞಾನಿ ಸಂಸ್ಕೃತದ ಪದವನ್ನೇ ತೆಗೆದುಕೊಂಡಿದ್ದರು. ಅಲ್ಯೂಮಿನಿಯಂನಿಂದ ಒಂದು ಮನೆ ಮುಂದೆ ಅಂತ ಅರ್ಥ.

ಏಕ-ಅಲ್ಯೂಮಿನಿಯಂ ಬಗ್ಗೆ ಅವರು ಹೇಳಿದ್ದು ಇಷ್ಟು. ಪರಮಾಣು ತೂಕ ಸುಮಾರು 68 ಇರಬೇಕು. ಸಾಂದ್ರತೆ 5.9ರ ಆಸುಪಾಸು, ಅಂದರೆ ನೀರಿಗಿಂತ ಸುಮಾರು ಆರು ಪಟ್ಟು ಭಾರ. ರೋಹಿತದರ್ಶಕದಿಂದ ಪತ್ತೆಯಾಗಬಹುದು. ಮತ್ತೆ, ಕಡಿಮೆ ಶಾಖಕ್ಕೇ ಕರಗುವ ಲೋಹ ಆಗಿರಬೇಕು. ಅಕ್ಕಪಕ್ಕದ ಮನೆಯವರನ್ನು ನೋಡಿದರೆ ನಡುವಿನ ಮನೆಯವರು ಹೇಗಿರಬಹುದು ಅಂತ ಊಹಿಸುವುದಿಲ್ಲವೇ, ಹಾಗೆ. ಅನೇಕರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಕಾಣದ ಲೋಹದ ಜಾತಕ ಬರೆದರೆ ಯಾರು ನಂಬುತ್ತಾರೆ?

ನಾಲ್ಕು ವರ್ಷ ಕಳೆಯಿತು. 1875ರ ಆಗಸ್ಟ್ ತಿಂಗಳಲ್ಲಿ ಫ್ರಾನ್ಸ್ ದೇಶದ ಲಕಾಕ್ ದ ಬಾಬೊದ್ರಾನ್ ಎಂಬ ವಿಜ್ಞಾನಿ, ಪಿರನೀಸ್ ಬೆಟ್ಟದ ಗಣಿಯಿಂದ ಬಂದ ಸತುವಿನ ಅದಿರನ್ನು ರೋಹಿತದರ್ಶಕದಲ್ಲಿ ಪರೀಕ್ಷಿಸುತ್ತಿದ್ದರು. ಯಾರೂ ಕಂಡಿರದ ಎರಡು ನೇರಳೆ ಗೆರೆಗಳು ಕಂಡವು. ಹೊಸ ಲೋಹ! ತಮ್ಮ ದೇಶದ ಹಳೆಯ ಲ್ಯಾಟಿನ್ ಹೆಸರಿನ ಮೇಲೆ ಅದಕ್ಕೆ ಗ್ಯಾಲಿಯಂ ಅಂತ ಹೆಸರಿಟ್ಟರು. ಮೆಂಡಲೀವ್ ಭವಿಷ್ಯ ನುಡಿದಿದ್ದದ್ದು ಅವರಿಗೆ ಗೊತ್ತಿರಲಿಲ್ಲ.

ಸುದ್ದಿ ಓದಿದ ಮೆಂಡಲೀವ್‌ಗೆ ಇದು ತಮ್ಮ ಏಕ-ಅಲ್ಯೂಮಿನಿಯಂ ಅಂತ ತಕ್ಷಣ ಹೊಳೆಯಿತು. ಆದರೆ ಒಂದು ಅಂಕಿ ಹೊಂದಲಿಲ್ಲ. ಫ್ರಾನ್ಸಿನವರು ಅಳೆದ ಸಾಂದ್ರತೆ 4.7 ಬಂದಿತ್ತು. ಮೆಂಡಲೀವ್ ಲೆಕ್ಕ 5.9. ಲೋಹವನ್ನು ಕೈಯಲ್ಲಿ ಹಿಡಿದವರು ಒಂದು ಹೇಳ್ತಿದ್ದಾರೆ, ಕಣ್ಣಲ್ಲೂ ನೋಡದವರು ಇನ್ನೊಂದು ಹೇಳ್ತಿದ್ದಾರೆ. ಯಾರ ಮಾತು ಸರಿ? ಲೋಹ ಶುದ್ಧವಾಗಿಲ್ಲ, ಮತ್ತೊಮ್ಮೆ ಶುದ್ಧ ಮಾಡಿ ಅಳೆಯಬೇಕು ಅನ್ನುವುದು ಮೆಂಡಲೀವ್ ವಾದ. ಬಾಬೊದ್ರಾನ್ ಅವರೂ ದೊಡ್ಡ ಮನುಷ್ಯರು. ಸಿಟ್ಟು ಮಾಡಿಕೊಂಡು ಕೂರದೆ, 1876ರಲ್ಲಿ ಲೋಹವನ್ನು ಇನ್ನೂ ಶುದ್ಧ ಮಾಡಿ ಅಳೆದರು. 5.9 ಬಂತು! ಯುರೋಪಿನ ವಿಜ್ಞಾನಿಗಳೆಲ್ಲ ಬೆರಗಾದರು. ಮುಂದೆ 1879ರಲ್ಲಿ ಸ್ಕ್ಯಾಂಡಿಯಂ, 1886ರಲ್ಲಿ ಜರ್ಮೇನಿಯಂ ಸಿಕ್ಕಿ, ಉಳಿದ ಎರಡು ಮನೆಗಳೂ ತುಂಬಿದವು.

ಗ್ಯಾಲಿಯಂ ಕರಗುವ ಶಾಖ ಎಷ್ಟು ಗೊತ್ತಾ? 29.8 ಡಿಗ್ರಿ ಸೆಲ್ಸಿಯಸ್. ಅಂಗೈ ಮೇಲೆ ಇಟ್ಟುಕೊಂಡರೆ ಬೆಣ್ಣೆಯ ಹಾಗೆ ಕರಗುತ್ತೆ. ನಮ್ಮೂರ ಏಪ್ರಿಲ್ ಬಿಸಿಲಿಗೆ ಡಬ್ಬಿಯಲ್ಲಿಟ್ಟರೂ ತಾನೇ ನೀರಾಗುತ್ತೆ. ಕಡಿಮೆ ಶಾಖಕ್ಕೆ ಕರಗುತ್ತೆ ಅಂತ ಮೆಂಡಲೀವ್ ಹೇಳಿದ್ದರು ನಿಜ, ಆದರೆ ಇಷ್ಟು ಕಡಿಮೆ ಅಂತ ಹೇಳಿರಲಿಲ್ಲ. ಯಾಕೆ ಕರಗುತ್ತೆ ಅನ್ನುವುದಂತೂ ಅವರಿಗೂ ಗೊತ್ತಿರಲಿಲ್ಲ.

ಹೋಲಿಸಿ ನೋಡಲು ಇಲ್ಲೊಂದು ಪಟ್ಟಿ ಕೊಟ್ಟಿದ್ದೇನೆ. ಎಲ್ಲವೂ ಸೆಲ್ಸಿಯಸ್‌ನಲ್ಲಿ, ಸರಿಸುಮಾರು.

ಟಂಗ್‌ಸ್ಟನ್ – 3422
ಕಬ್ಬಿಣ – 1538
ತಾಮ್ರ – 1085
ಚಿನ್ನ – 1064
ಅಲ್ಯೂಮಿನಿಯಂ – 660
ಸತು – 420
ಸೀಸ – 327
ತವರ – 232
ಸೋಡಿಯಂ – 98
ಗ್ಯಾಲಿಯಂ – 29.8
ಸೀಸಿಯಂ – 28.5
ಪಾದರಸ – ಸೊನ್ನೆಗಿಂತ ಕೆಳಗೆ 39

ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವುದನ್ನು ನೋಡಿದ್ದೀರಾ? ಈಗ ಕಲಾಯಿಯವರು ಬರುವುದು ಅಪರೂಪ. ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಹಾಕಿ, ತವರದ ಕಡ್ಡಿ ಮುಟ್ಟಿಸಿದರೆ ಸಾಕು, ತವರ ಕರಗಿ ಬೆಳ್ಳಿಯ ಹಾಗೆ ಹರಡುತ್ತೆ. ಪಾತ್ರೆಗೆ ಏನೂ ಆಗಲ್ಲ. ಒಂದೇ ಬೆಂಕಿ, ಒಂದು ಲೋಹ ನೀರಾಯಿತು, ಇನ್ನೊಂದು ಜಗ್ಗಲಿಲ್ಲ. ಯಾಕೆ?

ಇದಕ್ಕೆ ಉತ್ತರ ಎಲೆಕ್ಟ್ರಾನಿನಲ್ಲಿದೆ. ಲೋಹದಲ್ಲಿ ಪ್ರತಿ ಪರಮಾಣುವೂ ತನ್ನ ಹೊರಗಿನ ಎಲೆಕ್ಟ್ರಾನುಗಳನ್ನು ಎಲ್ಲರಿಗೂ ಸೇರಿದ ನಿಧಿಗೆ ಕೊಡುತ್ತೆ. ಊರ ಹಬ್ಬಕ್ಕೆ ಮನೆಮನೆಯವರೂ ವಂತಿಗೆ ಕೊಡುವ ಹಾಗೆ. ಆ ನಿಧಿಯೇ ಪರಮಾಣುಗಳನ್ನು ಒಟ್ಟಿಗೆ ಹಿಡಿದಿಡುವ ಅಂಟು. ಕಾಯಿಸಿದಾಗ ಪರಮಾಣುಗಳು ಅಲ್ಲಾಡುತ್ತವೆ. ಅಂಟು ಗಟ್ಟಿ ಇದ್ದರೆ ತುಂಬಾ ಕಾಯಿಸಬೇಕು, ಸಡಿಲ ಇದ್ದರೆ ಸ್ವಲ್ಪ ಶಾಖ ಸಾಕು.

ಟಂಗ್‌ಸ್ಟನ್ ಆರು ಎಲೆಕ್ಟ್ರಾನು ವಂತಿಗೆ ಕೊಡುವ ಧಾರಾಳಿ. ಅದಕ್ಕೇ ಹಳೆಯ ಬಲ್ಬಿನ ತಂತಿ ಬಿಳುಪಾಗಿ ಕಾದರೂ ಕರಗುತ್ತಿರಲಿಲ್ಲ. ಸೋಡಿಯಂ ಕೊಡುವುದು ಒಂದೇ ಒಂದು. ಸೀಸಿಯಂ ಕೊಡುವುದೂ ಒಂದೇ, ಜೊತೆಗೆ ಅದರ ಪರಮಾಣು ತುಂಬಾ ದೊಡ್ಡದು. ಮನೆಗಳು ದೂರ ದೂರ, ವಂತಿಗೆಯೂ ಕಡಿಮೆ. ಇನ್ನು ಊರು ಒಟ್ಟಾಗಿ ನಿಲ್ಲುವುದು ಹೇಗೆ? ಕೋಷ್ಟಕದಲ್ಲಿ ಆ ಸಾಲನ್ನೇ ಮೇಲಿನಿಂದ ಕೆಳಕ್ಕೆ ಓದಿ ನೋಡಿ. ಲಿಥಿಯಂ 180, ಸೋಡಿಯಂ 98, ಪೊಟ್ಯಾಸಿಯಂ 63, ರುಬಿಡಿಯಂ 39, ಸೀಸಿಯಂ 28. ಮೆಟ್ಟಿಲು ಇಳಿದ ಹಾಗೆ ಇಳಿಯುತ್ತೆ.

ಗ್ಯಾಲಿಯಂ ಕತೆ ಬೇರೆ. ಅದರ ಹತ್ತಿರ ಕೊಡಲು ಮೂರು ಎಲೆಕ್ಟ್ರಾನು ಇವೆ. ಆದರೆ ಗಟ್ಟಿಯಾಗಿರುವಾಗ ಅದರ ಪರಮಾಣುಗಳು ಜೋಡಿ ಜೋಡಿಯಾಗಿ ಇರುತ್ತವೆ. ಪ್ರತಿಯೊಂದಕ್ಕೂ ತೀರಾ ಹತ್ತಿರದ ನೆಂಟ ಒಬ್ಬನೇ, ಉಳಿದವರೆಲ್ಲ ಸ್ವಲ್ಪ ದೂರ. ಎರಡು ಮನೆಯವರು ತಮ್ಮತಮ್ಮಲ್ಲೇ ಕೊಡುಕೊಳ್ಳುವಿಕೆ ಇಟ್ಟುಕೊಂಡು ಊರಿನ ಕಡೆ ಅಷ್ಟಕ್ಕಷ್ಟೇ ಇದ್ದಂತೆ. ಹೀಗಾಗಿ ಆ ಗಟ್ಟಿ ಜೋಡಣೆ ಸ್ವಲ್ಪ ಶಾಖಕ್ಕೇ ಕದಡಿಹೋಗುತ್ತೆ. ಆದರೆ ಕರಗಿದ ಮೇಲೆ ಎಲ್ಲ ಬೆರೆತು ಒಳ್ಳೆ ಲೋಹವಾಗಿಯೇ ಇರುತ್ತೆ. ಕರಗಲು 30 ಡಿಗ್ರಿ ಸಾಕಾದರೂ ಕುದಿಯಲು 2200 ಡಿಗ್ರಿಗೂ ಹೆಚ್ಚು ಬೇಕು! ಇನ್ನೊಂದು ವಿಚಿತ್ರ ಇದೆ. ನೀರು ಹೆಪ್ಪುಗಟ್ಟಿದರೆ ಹಿಗ್ಗುವ ಹಾಗೆ ಗ್ಯಾಲಿಯಂ ಕೂಡ ಗಟ್ಟಿಯಾಗುವಾಗ ಹಿಗ್ಗುತ್ತೆ. ಗಟ್ಟಿ ಗ್ಯಾಲಿಯಂ ತನ್ನದೇ ದ್ರವದ ಮೇಲೆ ತೇಲುತ್ತೆ.

ಈಗ ನನ್ನ ಎರಡು ಅಂಕದ ಪಾದರಸಕ್ಕೆ ಬರೋಣ. ಅದರ ಹತ್ತಿರ ಹೊರಗಡೆ ಎರಡು ಎಲೆಕ್ಟ್ರಾನು ಇವೆ. ಆದರೆ ಪಾದರಸ ಮಹಾ ಜಿಪುಣ. ಅಜ್ಜಿ ಸೆರಗಿನ ತುದಿಯಲ್ಲಿ ದುಡ್ಡು ಗಂಟು ಹಾಕಿಕೊಂಡ ಹಾಗೆ, ಆ ಎರಡನ್ನೂ ಬಿಗಿಯಾಗಿ ಹಿಡಿದುಕೊಂಡಿರುತ್ತೆ. ಕಾರಣ ಏನು ಅಂದರೆ, ಅದರ ನಡುವೆ 80 ಪ್ರೋಟಾನುಗಳಿವೆ. ಅವುಗಳ ಸೆಳೆತಕ್ಕೆ ತೀರಾ ಒಳಗಿನ ಎಲೆಕ್ಟ್ರಾನುಗಳು ಬೆಳಕಿನ ವೇಗದ ಅರ್ಧಕ್ಕಿಂತ ಹೆಚ್ಚು ವೇಗದಲ್ಲಿ ಓಡುತ್ತವೆ. ಅಷ್ಟು ವೇಗದಲ್ಲಿ ಐನ್‌ಸ್ಟೈನ್ ಅವರು 1905ರಲ್ಲಿ ಹೇಳಿದ ಸಾಪೇಕ್ಷತಾ ಸಿದ್ಧಾಂತವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಅದರಂತೆ ಒಳಗಿನ ಎಲೆಕ್ಟ್ರಾನುಗಳ ಮನೆ ಕುಗ್ಗುತ್ತೆ, ಹೊರಗಿನ ಆ ಜೋಡಿಯ ಮನೆಯೂ ಒಳಕ್ಕೆ ಸರಿಯುತ್ತೆ. ವಂತಿಗೆ ಕೈಬಿಡುವುದೇ ಇಲ್ಲ. ಅದಕ್ಕೇ ಪಾದರಸದ ಪರಮಾಣುಗಳ ನಡುವೆ ಅಂಟು ತೀರಾ ಸಡಿಲ. ಐನ್‌ಸ್ಟೈನ್ ನಿಯಮ ಸೇರಿಸಿ ಒಂದು ಸಲ, ಸೇರಿಸದೆ ಒಂದು ಸಲ ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಲೆಕ್ಕ ಮಾಡಿ 2013ರಲ್ಲಿ ಪ್ರಕಟಿಸಿದರು. ಎರಡಕ್ಕೂ ವ್ಯತ್ಯಾಸ ಸುಮಾರು 105 ಡಿಗ್ರಿ. ಅಂದರೆ ಈ ಪರಿಣಾಮ ಇಲ್ಲದಿದ್ದರೆ ಪಾದರಸವೂ ನಮ್ಮ ಮೇಜಿನ ಮೇಲೆ ಗಟ್ಟಿಯಾಗಿ ಕೂತಿರುತ್ತಿತ್ತು. ಪಕ್ಕದ ಮನೆಯ ಚಿನ್ನಕ್ಕೂ ಇದೇ ಪರಿಣಾಮ ಇದೆ. ಆದರೆ ಅದರ ಹೊರಗಿನ ಎಲೆಕ್ಟ್ರಾನು ಒಂಟಿ, ಜೊತೆ ಹುಡುಕುತ್ತೆ, ಹಾಗಾಗಿ ಅಂಟು ಗಟ್ಟಿ.

ಎರಡು ಅಂಕಕ್ಕೆ ಇಷ್ಟೆಲ್ಲಾ ಬರೆಯಬೇಕಾ ಅಂತ ಮೇಷ್ಟ್ರನ್ನು ಕೇಳಿದೆ. ಹೊರಗಿನ ಎಲೆಕ್ಟ್ರಾನುಗಳನ್ನು ಬಿಗಿಯಾಗಿ ಹಿಡಿದಿರುವುದರಿಂದ ಪರಮಾಣುಗಳ ನಡುವಿನ ಬಂಧ ದುರ್ಬಲ ಅಂತ ಒಂದು ಸಾಲು ಬರೆದರೂ ಸಾಕು ಅಂದರು.

ಮತ್ತೆ ಮೆಂಡಲೀವ್ ಕತೆಗೆ ಬರ್ತೀನಿ. ಅವರು ಪ್ರಯೋಗಶಾಲೆಯಲ್ಲೇ ಕೂತಿರುವ ಆಸಾಮಿ ಅಲ್ಲ. 1887ರಲ್ಲಿ ಸೂರ್ಯಗ್ರಹಣ ನೋಡಲು ಕ್ಲಿನ್ ಎಂಬ ಊರಿನಲ್ಲಿ ಬಲೂನು ಹತ್ತಿದರು. ಮಳೆಗೆ ನೆನೆದು ಬಲೂನು ಇಬ್ಬರ ಭಾರ ಎಳೆಯಲಿಲ್ಲ. ನಡೆಸುವವನನ್ನೇ ಕೆಳಗಿಳಿಸಿ, 53 ವರ್ಷದ ಈ ಮೇಷ್ಟ್ರು ಒಬ್ಬರೇ ಹಾರಿಹೋಗಿ ಕ್ಷೇಮವಾಗಿ ಇಳಿದರು. ಬಿಡುವಿನಲ್ಲಿ ಪೆಟ್ಟಿಗೆ, ಸೂಟ್‌ಕೇಸು ಮಾಡುವುದು ಅವರ ಹವ್ಯಾಸ. ತಲೆಗೂದಲು ವರ್ಷಕ್ಕೆ ಒಂದೇ ಸಲ ಕತ್ತರಿಸಿಕೊಳ್ಳುತ್ತಿದ್ದರಂತೆ. ಚಿತ್ರದಲ್ಲಿ ನೋಡಿದರೆ ನಂಬಬಹುದು.

1890ರಲ್ಲಿ ವಿದ್ಯಾರ್ಥಿಗಳು ಸರ್ಕಾರಕ್ಕೆ ಒಂದು ಮನವಿ ಬರೆದರು. ಅದನ್ನು ಮಂತ್ರಿಗೆ ತಲುಪಿಸಲು ಮೆಂಡಲೀವ್ ಒಪ್ಪಿಕೊಂಡರು. ಮಂತ್ರಿ ಮನವಿಯನ್ನು ವಾಪಸು ಕಳಿಸಿದಾಗ, ಅಷ್ಟು ವರ್ಷ ಪಾಠ ಹೇಳಿದ ವಿಶ್ವವಿದ್ಯಾನಿಲಯಕ್ಕೆ ರಾಜೀನಾಮೆ ಕೊಟ್ಟು ಹೊರಬಂದರು. ಹುಡುಗರ ಪರವಾಗಿ ನಿಂತು ಕೆಲಸ ಬಿಟ್ಟ ಮೇಷ್ಟ್ರು! 1893ರಿಂದ ತೂಕ ಮತ್ತು ಅಳತೆಗಳ ಕಚೇರಿಯ ಮುಖ್ಯಸ್ಥರಾಗಿ ಕೊನೆಯವರೆಗೂ ದುಡಿದರು.

ಇಷ್ಟು ದೊಡ್ಡವರಿಗೂ ಒಂದು ಕೊರತೆ ಇತ್ತು. 1897ರಲ್ಲಿ ಇಂಗ್ಲೆಂಡಿನ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಕಂಡುಹಿಡಿದರು. ಪರಮಾಣುವಿನೊಳಗೂ ಚಿಕ್ಕ ಕಣಗಳಿವೆ ಅನ್ನುವುದು ಮೆಂಡಲೀವ್‌ಗೆ ಒಪ್ಪಿಗೆಯಾಗಲಿಲ್ಲ. ಅನುಮಾನ ಪಡುತ್ತಲೇ ಇದ್ದರು. ತಮ್ಮ ಕೋಷ್ಟಕ ಯಾಕೆ ಹಾಗಿದೆ, ಗ್ಯಾಲಿಯಂ ಯಾಕೆ ಅಂಗೈಯಲ್ಲಿ ಕರಗುತ್ತೆ, ಎರಡಕ್ಕೂ ಬೀಗದ ಕೈ ಅದೇ ಎಲೆಕ್ಟ್ರಾನು. ಅದು ಬಾಗಿಲಿಗೆ ಬಂದಾಗ ಅವರು ಗುರುತು ಹಿಡಿಯಲಿಲ್ಲ. ಇದನ್ನು ಓದಿ ನನಗೆ ಬೇಜಾರಾಯ್ತು. ಕಾಣದ ಲೋಹವನ್ನು ಕಂಡವರಿಗೆ ಇದು ಕಾಣಲಿಲ್ಲವಲ್ಲ! ಆದರೆ ಮೇಷ್ಟ್ರು ಇನ್ನೊಂದು ಮಾತು ಹೇಳಿದರು. ಮೆಂಡಲೀವ್ ಕಾರಣ ಗೊತ್ತಿಲ್ಲದ ಕಡೆ ಸುಳ್ಳು ಕಾರಣ ತುಂಬಿರಲಿಲ್ಲ, ಗೊತ್ತಿದ್ದಷ್ಟು ಹೇಳಿ ಉಳಿದದ್ದನ್ನು ಮುಂದಿನವರಿಗೆ ಬಿಟ್ಟಿದ್ದರು, ಅದಕ್ಕೇ ಎಲೆಕ್ಟ್ರಾನು ಬಂದಾಗ ಅವರ ಕೋಷ್ಟಕ ಬೀಳಲಿಲ್ಲ, ಇನ್ನೂ ಗಟ್ಟಿಯಾಯಿತು ಅಂತ.

1906ರಲ್ಲಿ ಅವರಿಗೆ ನೊಬೆಲ್ ಬಹುಮಾನ ಸ್ವಲ್ಪದರಲ್ಲೇ ತಪ್ಪಿತು. 1907ರ ಫೆಬ್ರವರಿ 2ರಂದು, 73 ತುಂಬಲು ಕೆಲವೇ ದಿನ ಇರುವಾಗ, ಪೀಟರ್ಸ್‌ಬರ್ಗ್‌ನಲ್ಲಿ ತೀರಿಕೊಂಡರು. ಬಹುಮಾನ ತಪ್ಪಿದರೇನು, 1955ರಲ್ಲಿ ಅಮೆರಿಕದಲ್ಲಿ ತಯಾರಾದ 101ನೇ ಮೂಲವಸ್ತುವಿಗೆ ಮೆಂಡಲೀವಿಯಂ ಅಂತಲೇ ಹೆಸರಿಟ್ಟರು. ಕೋಷ್ಟಕಕ್ಕೆ 150 ವರ್ಷ ತುಂಬಿದ 2019ನ್ನು ವಿಶ್ವಸಂಸ್ಥೆ ಆವರ್ತ ಕೋಷ್ಟಕದ ವರ್ಷವಾಗಿ ಆಚರಿಸಿತು. ಅಂದು 63 ಇದ್ದ ಮೂಲವಸ್ತುಗಳು ಈಗ 118 ಆಗಿವೆ.

ಗ್ಯಾಲಿಯಂ ಎಲ್ಲೋ ದೂರದ್ದು ಅಂದುಕೊಳ್ಳಬೇಡಿ. ನಮ್ಮ ತರಗತಿಯ ಎಲ್‌ಇಡಿ ಬಲ್ಬಿನೊಳಗೆ ಬೆಳಕು ಕೊಡುವ ಸಣ್ಣ ಚೂರಿನಲ್ಲಿ ಗ್ಯಾಲಿಯಂ ಇದೆ. ಅಂಥ ನೀಲಿ ಬೆಳಕಿನ ಎಲ್‌ಇಡಿ ಮಾಡಿದ ಮೂವರಿಗೆ 2014ರಲ್ಲಿ ನೊಬೆಲ್ ಬಂತು. 1869ರಲ್ಲಿ ಪ್ರಶ್ನಾರ್ಥಕ ಚಿಹ್ನೆಯಾಗಿದ್ದ ಖಾಲಿ ಮನೆಯೇ ಇವತ್ತು ನಮ್ಮ ತಲೆ ಮೇಲೆ ದೀಪವಾಗಿ ಉರಿಯುತ್ತಿದೆ.

ಒಂದು ಎಚ್ಚರಿಕೆ. ಥರ್ಮಾಮೀಟರ್ ಒಡೆದು ಪಾದರಸ ಚೆಲ್ಲಿದರೆ ಉಂಡೆ ಮಾಡಿ ಆಡಬೇಡಿ. ಅದರ ಆವಿ ವಿಷ. ತಕ್ಷಣ ಮೇಷ್ಟ್ರಿಗೆ ಹೇಳಿ.

ಮುಂದಿನ ಕಿರುಪರೀಕ್ಷೆಯಲ್ಲಿ ನನಗೆ ಗೊತ್ತಿಲ್ಲದ ಪ್ರಶ್ನೆ ಬಂದರೆ ಜಾಗ ಖಾಲಿ ಬಿಡ್ತೀನಿ. ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಮನೆಗೆ ಹೋಗಿ ಹುಡುಕ್ತೀನಿ. ಅದಕ್ಕೆ ಅಂಕ ಕೊಡಲ್ಲ ಅಂತ ಮೇಷ್ಟ್ರು ಈಗಾಗಲೇ ಹೇಳಿದ್ದಾರೆ. ಪರವಾಗಿಲ್ಲ.

ತಪ್ಪಿದ್ದರೆ ಕ್ಷಮಿಸಿ, ತಿದ್ದಿ.